ಮಹಡಿ ಮೇಲಿನ ಯೂರೋಪು

ನಾನು ಯೂರೋಪನ್ನು ಮೊದಲು ಕಂಡದ್ದು ನಮ್ಮ ಮನೆ ಮಹಡಿಯ ಮೇಲೆ. ಪಾಸ್‌ಪೋರ್ಟು ಬೇಕಿರಲಿಲ್ಲ, ಹದಿನೆಂಟು ಮೆಟ್ಟಿಲು ಹತ್ತಿದರೆ ಸಾಕಿತ್ತು. ಒಂದು ವರ್ಷ ಅಲ್ಲಿ ಡೆನ್ಮಾರ್ಕು ಇರುತ್ತಿತ್ತು, ಮರುವರ್ಷ ಇಟಲಿ. ಮೈಸೂರಿನ ಗೋಕುಲಂ ಮೂರನೇ ಹಂತದಲ್ಲಿ ಸಾಲ ಮಾಡಿ ಮನೆ ಕಟ್ಟಿಸುವಾಗ ನಮ್ಮ ಆಸೆ ಚಿಕ್ಕದು: ಮಹಡಿಗೆ ಒಬ್ಬ ಮೇಷ್ಟರೋ ಗುಮಾಸ್ತರೋ ಬರಲಿ, ಒಂದನೇ ತಾರೀಖು ಬಾಡಿಗೆ ಕೊಡಲಿ, ಶುದ್ಧ ಸಸ್ಯಾಹಾರಿಗಳಾಗಿರಲಿ. ಕೊನೆಯದು ನಮ್ಮ ಮನೆಯವಳ ಷರತ್ತು. ದೇವರು ಅದನ್ನು ಸ್ವಲ್ಪ ಜಾಸ್ತಿಯೇ ಕಿವಿಗೆ ಹಾಕಿಕೊಂಡ. ಬಂದವರು ಹಾಲು ಮುಟ್ಟರು, ತುಪ್ಪ ಮುಟ್ಟರು, ಜೇನುತುಪ್ಪವೂ ಬೇಡ ಅನ್ನುವರು. ಮೊದಲ ದಿನ ಬೆಳ್ಳಿ ಲೋಟದಲ್ಲಿ ಕೇಸರಿ ಹಾಕಿದ ಹಾಲು ಕೊಟ್ಟು, "ನೋ ಮಿಲ್ಕ್" ಅನ್ನಿಸಿಕೊಂಡು ಅಡುಗೆಮನೆಗೆ ವಾಪಸಾದ ಇವಳು ಹೇಳಿದ್ದು: "ಅವರ ಮುಂದೆ ನಾವೇ ಮಾಂಸ ತಿನ್ನೋರ ಹಾಗೆ ಕಾಣ್ತೀವಲ್ರೀ!"

ಇದೆಲ್ಲ ಶುರುವಾದದ್ದು 2002ರಲ್ಲಿ. ಆ ವರ್ಷ ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನ ಹಳೆಯ ಮನೆಯಿಂದ ನಮ್ಮ ಬಡಾವಣೆಗೆ ಬಂತು. ಹಾಸನ ಜಿಲ್ಲೆಯ ಕೌಶಿಕದಿಂದ ಹುಡುಗನಾಗಿದ್ದಾಗಲೇ ಮೈಸೂರಿಗೆ ಬಂದು ಸಂಸ್ಕೃತ ಕಲಿತ ಜೋಯಿಸರು 1948ರಲ್ಲಿ ಶಾಲೆ ತೆರೆದಿದ್ದರು. 1964ರಲ್ಲಿ ಬೆಲ್ಜಿಯಂನಿಂದ ಆಂದ್ರೆ ವಾನ್ ಲಿಸೆಬೆತ್ ಅನ್ನುವವರು ಬಂದು ಕಲಿತು, ತಮ್ಮ ಪುಸ್ತಕದಲ್ಲಿ ಇವರ ವಿಷಯ ಬರೆದರು. ಯೂರೋಪಿಗೆ ಮೈಸೂರಿನ ದಾರಿ ಗೊತ್ತಾಯಿತು. ಜೋಯಿಸರು 'ಯೋಗಮಾಲಾ' ಬರೆದದ್ದು ಕನ್ನಡದಲ್ಲಿ. 1962ರಲ್ಲಿ ಅಚ್ಚಾಯಿತು. ಇಂಗ್ಲಿಷಿಗೆ ಬಂದದ್ದು 1999ರಲ್ಲಿ. ಅಂದರೆ ಇಡೀ ಪ್ರಪಂಚಕ್ಕಿಂತ ನಾವು ಮೂವತ್ತೇಳು ವರ್ಷ ಮುಂದಿದ್ದೆವು. ಓದಲಿಲ್ಲ, ಅಷ್ಟೆ.

ನಾನಂತೂ ಬ್ಯಾಂಕಿನಲ್ಲಿ ಮೂವತ್ತನಾಲ್ಕು ವರ್ಷ ಕುರ್ಚಿಯಾಸನ ಹಾಕಿದವನು. ಬೆಳಗಿನ ಜಾವ ನಾಲ್ಕಕ್ಕೆ ಮಹಡಿ ಬಾಗಿಲು ಕಿರ್ ಅನ್ನುತ್ತಿತ್ತು, ಮೆಟ್ಟಿಲ ಮೇಲೆ ಬರಿಗಾಲ ಸದ್ದು, ಆಮೇಲೆ ಗೇಟು. ಇವರ ಶಾಲೆಯ ಗಡಿಯಾರ ಹದಿನೈದು ನಿಮಿಷ ಮುಂದೆ. ಅದಕ್ಕೆ 'ಶಾಲಾ ಟೈಮ್' ಅಂತ ಹೆಸರು. ಅಮಾವಾಸ್ಯೆ, ಹುಣ್ಣಿಮೆ, ಶನಿವಾರ ರಜ. ಹಾಗಾಗಿ ನಮ್ಮ ಮನೆಯಲ್ಲಿ ಪಂಚಾಂಗ ಗೊತ್ತಿದ್ದವರು ಇಬ್ಬರೇ: ನಮ್ಮ ತಾಯಿ, ಮತ್ತು ಮಹಡಿಯ ಫಿನ್‌ಲೆಂಡ್ ಹುಡುಗ. ತಾಯಿ ತೀರಿಕೊಂಡ ಮೇಲೆ ಅವನೊಬ್ಬನೇ ಉಳಿದ. ಒಂದು ದಿನ ಬೂದುಗುಂಬಳಕಾಯಿ ತರಲು ಹೊರಟವನನ್ನು ಗೇಟಿನ ಹತ್ತಿರ ನಿಲ್ಲಿಸಿ, "ಅಂಕಲ್, ನ್ಯೂ ಮೂನ್ ನಾಳೆ, ಇವತ್ತಲ್ಲ" ಅಂದ. ಹೆಲ್ಸಿಂಕಿಯವನ ಕೈಲಿ ತಿಥಿ ತಿದ್ದಿಸಿಕೊಂಡ ಮೈಸೂರಿಗ ನಾನೊಬ್ಬನೇ ಇರಲಾರೆ. ಗೋಕುಲಂನಲ್ಲಿ ಇನ್ನೂ ನಾಲ್ಕಾರು ಜನ ಇದ್ದಾರು.

ಅದೇ ಹುಡುಗ ತೋಳಿನ ಮೇಲೆ ಕನ್ನಡದಲ್ಲಿ 'ಶಾಂತಿ' ಅಂತ ಹಚ್ಚೆ ಹಾಕಿಸಿಕೊಂಡು ಬಂದ. ಅಕ್ಷರ ದುಂಡಗೆ ಚೆನ್ನಾಗಿತ್ತು, ಸೊನ್ನೆ ಕೂಡ ಜಾಗದಲ್ಲೇ ಇತ್ತು. ಆದರೆ ನಮ್ಮ ಕಡೆ ಗಂಡಸಿನ ತೋಳಿನ ಮೇಲೆ ಹಚ್ಚೆಯಲ್ಲಿ ಬರುವುದು ಒಂದೋ ಹೆಂಡತಿ ಹೆಸರು, ಇಲ್ಲವೇ ಹೆಂಡತಿ ಆಗಬೇಕಿದ್ದವಳ ಹೆಸರು. ಎಳನೀರು ಕೊಚ್ಚುವವನು ಕತ್ತಿ ಹಾಗೇ ಮೇಲೆತ್ತಿ ಹಿಡಿದು ನನ್ನನ್ನು ಕೇಳಿದ: "ಯಾರು ಸಾ ಶಾಂತಿ? ನಮ್ಮ ಕಡೆ ಹುಡ್ಗಿನಾ?" ಹೂವಿನಾಕೆ ಕೇಳಿದಳು, ಇಸ್ತ್ರಿಯವನು ಕೇಳಿದ. ಒಂದು ವಾರದೊಳಗೆ ಪಡುವಾರಹಳ್ಳಿಯಲ್ಲಿ ಅವನಿಗೊಬ್ಬಳು ಶಾಂತಿ ಹುಟ್ಟಿಕೊಂಡು, ಅವಳ ಅಪ್ಪ ಒಪ್ಪಲಿಲ್ಲ ಅನ್ನುವವರೆಗೂ ಕಥೆ ಬೆಳೆಯಿತು. ಎಳನೀರಿನವನು ಅವನಿಗೆ ಮಾತ್ರ ಗಂಜಿ ಕೆತ್ತಿ ಕೊಡುವಾಗ ಒಂದು ಚೂರು ಜಾಸ್ತಿ ಹಾಕುತ್ತಿದ್ದ. ಪಾಪ, ಮನಸ್ಸಿಗೆ ನೋವಾಗಿರುವ ಹುಡುಗ.

ಲಂಗದ ವಿಷಯ ಇನ್ನೂ ದೊಡ್ಡದು.

ಇಟಲಿಯ ಹುಡುಗಿಯೊಬ್ಬಳು ಪೇಟೆಗೆ ಹೋಗಿದ್ದವಳು ಗಿಣಿಹಸಿರು ಬಣ್ಣದ ಲಂಗ ಉಟ್ಟು, ಮೇಲೊಂದು ಬನಿಯನ್ನಿನಂಥದ್ದು ತೊಟ್ಟು ಕಾಂಟೂರ್ ರಸ್ತೆಯುದ್ದಕ್ಕೂ ನಡೆದು ಬಂದಳು. ಲಂಗ ಅಂದರೆ ಸೀರೆಯೊಳಗಿನ ಲಂಗ. ಲಾಡಿ ಪಕ್ಕದಲ್ಲಿ ಜೋತಾಡುತ್ತಿದೆ, ಲಾಡಿಯ ತುದಿಗೆ ಅವಳೇ ಕಟ್ಟಿಕೊಂಡ ಎರಡು ಗೆಜ್ಜೆ. ನಮ್ಮ ಮನೆಯವಳು ಜಗುಲಿಯಿಂದ ನೋಡಿದವಳೇ, ಬೆಂಕಿ ಬಿದ್ದ ಮನೆಯಿಂದ ಮಗುವನ್ನು ಎತ್ತಿಕೊಂಡು ಬರುವ ಹಾಗೆ ಓಡಿ ಅವಳನ್ನು ಒಳಕ್ಕೆಳೆದುಕೊಂಡಳು. "ಬಾಮ್ಮ ಒಳಗೆ, ಬಾ ಮೊದ್ಲು." ಆಮೇಲೆ ತನಗೆ ಗೊತ್ತಿದ್ದ ಇಂಗ್ಲಿಷಿನಲ್ಲಿ ವಿವರಿಸಿದಳು: ಇದು ಇನ್‌ಸೈಡ್, ಸೀರೆ ಔಟ್‌ಸೈಡ್. ಹುಡುಗಿ ಲಂಗದ ಅಂಚನ್ನು ಎರಡು ಕೈಯಲ್ಲಿ ಅಗಲಿಸಿ, ಆರು ತುಂಡು ಜೋಡಿಸಿದ ಹೊಲಿಗೆಯನ್ನು ತೋರಿಸಿ ಕೇಳಿದಳು: ಇಷ್ಟು ಚೆನ್ನಾಗಿ ಹೊಲಿದು, ಇಷ್ಟು ಚೆಂದದ ಬಣ್ಣ ಕೊಟ್ಟು, ಅದನ್ನು ಬಚ್ಚಿಡುವುದು ಯಾಕೆ?

ಇವಳಿಗೆ ಉತ್ತರ ಹೊಳೆಯಲಿಲ್ಲ. ನಲವತ್ತು ವರ್ಷ ಸೀರೆಗೆ ಹೊಂದುವ ಬಣ್ಣಕ್ಕಾಗಿ ಅಂಗಡಿಯವನ ಪ್ರಾಣ ತಿಂದವಳು. ಯಾರೂ ನೋಡದ ಬಟ್ಟೆಗೆ ಅಷ್ಟು ಹುಡುಕಾಟ ಯಾಕೆಂದು ನಾನೂ ಒಮ್ಮೆ ಕೇಳಿ ಬೈಸಿಕೊಂಡಿದ್ದೆ. ಹುಡುಗಿಗೆ ಒಂದು ಹಳೆಯ ಸೀರೆ ಉಡಿಸಿ ಕಳಿಸಿದಳು. ಮರುದಿನ ಹುಡುಗಿ ಮೆರೂನ್ ಲಂಗದಲ್ಲಿ ಇಳಿದು ಬಂದಳು. ಸೀರೆ ಕಿಟಕಿಗೆ ಪರದೆಯಾಗಿತ್ತು.

ಸಂಗೀತದ ವಿಷಯದಲ್ಲೂ ಅವರದು ನಮಗಿಂತ ಒಂದು ಕೈ ಮೇಲು. ಡೆನ್ಮಾರ್ಕಿನವರು ಹಾರ್ಮೋನಿಯಂ ಕೊಂಡು, ಸಂಜೆ ತಾರಸಿಯ ಮೇಲೆ ಭಜನೆ ನಡೆಸುತ್ತಿದ್ದರು. ಅಪ್ಪಟ ಭಾರತೀಯ ವಾದ್ಯವೆಂದು ಅವರ ನಂಬಿಕೆ. ಪ್ಯಾರಿಸ್ಸಿನಲ್ಲಿ ಹುಟ್ಟಿದ ಪೆಟ್ಟಿಗೆಯಮ್ಮಾ ಅದು, ನಿಮ್ಮ ಕಡೆಯದ್ದೇ ಅಂದರೆ ಬಾರಿಸುತ್ತಿದ್ದಾಕೆಯ ಮುಖ ಸಣ್ಣಗಾಯಿತು. ನಮ್ಮ ಕಂಪನಿ ನಾಟಕದವರು ಅದನ್ನು ಕಾಲಲ್ಲಿ ಒತ್ತಿ ಊರೂರು ಮೊಳಗಿಸಿದರು. ರೇಡಿಯೋದವರು 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿದ್ದರು. ಪಕ್ಕದ ಯಾದವಗಿರಿಯಲ್ಲೇ ಇರುವ ಆಕಾಶವಾಣಿಯ ಕಡೆ ಕೈ ತೋರಿಸಿ ಈ ಕಥೆ ಹೇಳಿದೆ. ಆ ಹೆಸರು ಕೂಡ ಮೈಸೂರಿನದೇ, 1935ರಲ್ಲಿ ಇಲ್ಲಿನ ಪ್ರೊಫೆಸರ್ ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಬಾನುಲಿ ಶುರು ಮಾಡಿದವರು ಅಂತ ಸೇರಿಸಿದೆ. ಆಕೆ ಎಲ್ಲವನ್ನೂ ಕೇಳಿ, ಕಣ್ಣು ಮುಚ್ಚಿ, ಕೈ ಮುಗಿದು, ಮತ್ತೆ ಬಾರಿಸಲು ಶುರು ಮಾಡಿದಳು.

ಹೀಗೆ ಇಪ್ಪತ್ತು ವರ್ಷದಲ್ಲಿ ನನ್ನ ತಲೆಯಲ್ಲಿ ಒಂದು ಯೂರೋಪು ಸಿದ್ಧವಾಗಿತ್ತು. ಅಲ್ಲಿನವರು ನಾಲ್ಕಕ್ಕೆ ಏಳುತ್ತಾರೆ. ಎದುರಾದವರಿಗೆಲ್ಲ ಕೈ ಮುಗಿದು ನಮಸ್ತೆ ಅನ್ನುತ್ತಾರೆ. ಇಬ್ಬರು ತೂರಬಹುದಾದ ಷರಾಯಿ ತೊಡುತ್ತಾರೆ, ಅದರ ಮೇಲೆ ಆನೆಗಳ ಮೆರವಣಿಗೆ. ಬೆಣ್ಣೆಹಣ್ಣು ತಿನ್ನುತ್ತಾರೆ. ಸಿಟ್ಟು ಮಾಡಿಕೊಳ್ಳುವುದಿಲ್ಲ. ಈ ನಕ್ಷೆಯನ್ನು ತಲೆಯಲ್ಲಿಟ್ಟುಕೊಂಡು, ಹೋದ ವರ್ಷ ಅಕ್ಟೋಬರಿನಲ್ಲಿ, ಮಗಳು ಅಳಿಯ ಇರುವ ಜರ್ಮನಿಯ ಲೈಪ್‌ಜಿಗ್ ಊರಿಗೆ ಮೂರು ತಿಂಗಳ ಮಟ್ಟಿಗೆ ಹೋದೆವು.

ಟ್ರಾಮು ಹತ್ತಿದೆವು. ಎಲ್ಲರೂ ಕಪ್ಪು. ಕಪ್ಪು ಕೋಟು, ಕಪ್ಪು ಬೂಟು, ಕಪ್ಪು ಚೀಲ. ಬಹಳ ಉತ್ಸಾಹದವರು ಕಡುನೀಲಿ. "ಯಾರಾದ್ರೂ ದೊಡ್ಡವರು ಹೋದರೇನೇ?" ಅಂತ ಇವಳು ಮಗಳನ್ನು ಮೆಲ್ಲಗೆ ಕೇಳಿದಳು. ನಾನು ಎದುರಿಗಿದ್ದವನಿಗೆ ಕೈ ಮುಗಿದು ನಮಸ್ತೆ ಅಂದೆ. ಅವನು ತನ್ನ ಹಿಂದೆ ಯಾರಾದರೂ ಇದ್ದಾರೆಯೇ ಅಂತ ತಿರುಗಿ ನೋಡಿದ. ಷರಾಯಿಯ ಮೇಲೆ ಒಂದೇ ಒಂದು ಆನೆ ಇರಲಿಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಊರಿಗೂರೇ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿಕೊಂಡು ಮಲಗಿತು. ಹದಿನೈದು ನಿಮಿಷ ಮುಂದೆ ಬದುಕುವ ಜನ ಇವರೇ ಏನು ಅಂತ ನನಗೆ ಅನುಮಾನ ಬಂತು.

ಆ ಕಪ್ಪಿನ ನಡುವೆ ಇವಳದ್ದು ಮೈಸೂರು ರೇಷ್ಮೆ ಸೀರೆ, ಅರಿಶಿನ ಬಣ್ಣ, ಕುಂಕುಮದ ಅಂಚು. ಅದರ ಮೇಲೆ ಅಳಿಯನ ದಪ್ಪ ಜಾಕೆಟ್ಟು, ಕೆಳಗೆ ಉಣ್ಣೆ ಕಾಲುಚೀಲ, ಬಿಳಿ ಕ್ಯಾನ್‌ವಾಸ್ ಬೂಟು. ಪಕ್ಕದಲ್ಲಿ ನಾನು, ಮಂಕಿ ಕ್ಯಾಪಿನಲ್ಲಿ. ಕನ್ನಡಿಯಂಗಡಿಯೊಂದರ ಮುಂದೆ ನಮ್ಮಿಬ್ಬರ ಪ್ರತಿಬಿಂಬ ಕಂಡು ಬೆಚ್ಚಿದೆ. ನಮ್ಮ ಮಹಡಿಯವರು ಗೋಕುಲಂನಲ್ಲಿ ಹೇಗೆ ಕಾಣುತ್ತಿದ್ದರೋ ನಾವು ಲೈಪ್‌ಜಿಗ್ಗಿನಲ್ಲಿ ಹಾಗೇ ಕಾಣುತ್ತಿದ್ದೆವು. ಸಂಜೆ ಟ್ರಾಮಿನಲ್ಲಿ ಒಬ್ಬ ಅಜ್ಜಿ ಕೈಚೀಲವನ್ನು ತೊಡೆಯ ಮೇಲಿಟ್ಟು, ಕೈಗವಸು ಕಳಚಿ, ಒಂದು ಬೆರಳಿನಿಂದ ಸೆರಗಿನ ಜರಿಯನ್ನು ಮುಟ್ಟಿದಳು. ಜರಿಯಲ್ಲಿ ನಿಜವಾದ ಬೆಳ್ಳಿ ಇದೆ, ಚಿನ್ನದ ಲೇಪ ಇದೆ, ಕಾರ್ಖಾನೆ 1912ರಲ್ಲಿ ನಮ್ಮ ನಾಲ್ವಡಿಯವರ ಕಾಲದ್ದು ಅಂತ ಮಗಳ ಕೈಲಿ ಜರ್ಮನ್ ಭಾಷೆಯಲ್ಲಿ ಹೇಳಿಸಿದಳು ಇವಳು. ಅಜ್ಜಿ ಇಳಿಯುವ ಸ್ಟಾಪು ದಾಟಿಹೋಯಿತು.

ನನ್ನ ಪಾಡು ಇಷ್ಟು ಸುಖವಾಗಿರಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ಏನಾದರೂ ಉಪಯೋಗಕ್ಕೆ ಬರೋಣ ಅಂತ ಮನೆಯಲ್ಲಿ ಕೂಡಿಬಿದ್ದಿದ್ದ ಉಪ್ಪಿನಕಾಯಿ, ಜಾಮಿನ ಗಾಜಿನ ಸೀಸೆಗಳನ್ನೆಲ್ಲ ಚೀಲಕ್ಕೆ ತುಂಬಿ, ಉಟ್ಟ ಪಂಚೆಯಲ್ಲೇ ಕೆಳಗಿಳಿದೆ. ಬೀದಿ ಮೂಲೆಯಲ್ಲಿ ಗಾಜಿಗೆಂದೇ ದೊಡ್ಡ ಡಬ್ಬಗಳಿವೆ: ಬಿಳಿ ಗಾಜಿಗೆ ಒಂದು, ಹಸಿರಿಗೆ ಒಂದು, ಕಂದಿಗೆ ಒಂದು. ಜಾತಿ ನೋಡಿ ಒಂದೊಂದಾಗಿ ಹಾಕಿದೆ. ಡಬ್ಬ ಖಾಲಿ ಇತ್ತು ಅಂತ ಕಾಣುತ್ತದೆ. ಪ್ರತಿಯೊಂದು ಸೀಸೆಯೂ ದಸರೆಯ ಕುಶಾಲತೋಪಿನ ಹಾಗೆ ಸಿಡಿಯಿತು. ಮೂರನೆಯ ತೋಪಿಗೆ ಒಂದು ಕಿಟಕಿ ತೆರೆಯಿತು, ಐದನೆಯದಕ್ಕೆ ನಾಲ್ಕು. ನೆಲಮನೆಯ ಹಿರಿಯರು ಕೋಟು ಹಾಕಿಕೊಂಡು, ಗುಂಡಿ ಪೂರ್ತಿ ಹಾಕಿಕೊಂಡು ಬಂದು, ಡಬ್ಬದ ಮೇಲಿನ ಚೀಟಿಯನ್ನು ಬೆರಳಿಟ್ಟು ತೋರಿಸಿದರು. ಭಾನುವಾರ ಇಲ್ಲಿ ಅಂಗಡಿ ಮುಚ್ಚುತ್ತವೆ, ಗೋಡೆಗೆ ಮೊಳೆ ಹೊಡೆಯುವಂತಿಲ್ಲ, ಗಾಜು ಹಾಕುವಂತಿಲ್ಲ. ಊರಿಗೆ ಊರೇ ಮೌನ ವ್ರತ. ನಾನು ಕೈ ಮುಗಿದೆ. ಅವರ ಕಣ್ಣು ಚೀಟಿಯಿಂದ ನಿಧಾನಕ್ಕೆ ನನ್ನ ಪಂಚೆಗೆ ಇಳಿಯಿತು, ಗಾಳಿಗೆ ಹಾರುತ್ತಿದ್ದ ಅಂಚನ್ನು ಹಿಂಬಾಲಿಸಿತು, ಅಲ್ಲೇ ನಿಂತಿತು. ಸಂಜೆ ಮಗಳ ಮನೆ ಗಂಟೆ ಒತ್ತಿ ಮರ್ಯಾದೆಯಾಗಿ ಕೇಳಿದರಂತೆ: ನಿಮ್ಮ ತಂದೆಯವರು ಆರೋಗ್ಯವಾಗಿದ್ದಾರಾ? ಮಲಗುವ ಬಟ್ಟೆಯಲ್ಲೇ ಹೊರಗೆ ಬಂದುಬಿಟ್ಟಿದ್ದರು.

ಮಲಗುವ ಬಟ್ಟೆ! ಅದೇ ಪಂಚೆಯಲ್ಲಿ ನಾನು ಎಂಟನೇ ಕ್ರಾಸಿನ ಗಣಪತಿ ಕಚೇರಿಗೆ ಹೋಗಿ ಮುಂದಿನ ಸಾಲಿನಲ್ಲಿ ಕೂತವನು.

ಕಚೇರಿ ಅಂದೆ. ಲೈಪ್‌ಜಿಗ್ಗು ಆ ವಿಷಯದಲ್ಲಿ ನಮ್ಮ ಮೈಸೂರಿನ ಅಣ್ಣ. ಅಲ್ಲಿನ ದೊಡ್ಡ ಸಂಗೀತ ಸಭೆಗೆ 'ಗೆವಾಂಟ್‌ಹೌಸ್' ಅಂತ ಹೆಸರು. ಹಾಗೆಂದರೆ ಬಟ್ಟೆ ಮನೆ, ಜವಳಿ ಮಳಿಗೆ. 1781ರಲ್ಲಿ ಬಟ್ಟೆ ವರ್ತಕರ ಕಟ್ಟಡದಲ್ಲಿ ಕಚೇರಿ ಶುರುವಾಯಿತು, ಹೆಸರು ಅಂಟಿಕೊಂಡಿತು. ಸಯ್ಯಾಜಿರಾವ್ ರಸ್ತೆಯ ಸೀರೆ ಅಂಗಡಿಯ ಮಹಡಿಯ ಮೇಲೆ ಚೌಡಯ್ಯನವರ ಪಿಟೀಲು ಅಂತ ಇಟ್ಟುಕೊಳ್ಳಿ. ಕೆಳಗೆ ಹೆಂಗಸರು ಸೀರೆ ಬಿಚ್ಚಿಸುತ್ತಿರಬೇಕು, ಮೇಲೆ ಗಂಡಸರು ರಾಗ ಬಿಡಿಸುತ್ತಿರಬೇಕು. ಎಂಥ ಸೌಕರ್ಯ. ಈಗಿನ ಕಟ್ಟಡದಲ್ಲಿ ಬಟ್ಟೆ ಮಾರುವುದಿಲ್ಲವೆಂದು ತಿಳಿದು ಇವಳಿಗೆ ಅರ್ಧ ಉತ್ಸಾಹ ಇಳಿಯಿತು.

ಒಳಗೆ ಕೂತೆವು. ಪಿಟೀಲುಗಳೇ ಇಪ್ಪತ್ತೋ ಮೂವತ್ತೋ. ಎಲ್ಲ ಗಲ್ಲಕ್ಕೆ ಒತ್ತಿಕೊಂಡು, ಆಕಾಶ ನೋಡಿಕೊಂಡು. ಇದೇ ವಾದ್ಯ ನಮ್ಮ ದೇಶಕ್ಕೆ ಬಂದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ವಿದ್ವಾಂಸರ ಪಾದದ ಮೇಲೆ ತಲೆಯಿಟ್ಟಿತು. ಚೌಡಯ್ಯನವರು ಅದರ ನಾಲ್ಕು ತಂತಿಯನ್ನು ಏಳು ಮಾಡಿದರು. ಇಲ್ಲಿ ನೋಡಿದರೆ ಇನ್ನೂ ನಾಲ್ಕರಲ್ಲೇ ಇದ್ದಾರೆ. ಆದರೆ ನುಡಿಸಿದರು ನೋಡಿ! ನನ್ನ ಬಲಗೈ ತಾನಾಗಿ ಎದ್ದು ತೊಡೆಯ ಮೇಲೆ ತಾಳ ಹಾಕಲು ಶುರು ಮಾಡಿತು. ಮಗಳು ನನ್ನ ಕೈಯನ್ನು ಹಿಡಿದು ಕೆಳಗಿಟ್ಟಳು. ಒಂದು ಸುಂದರವಾದ ತಿರುವಿನಲ್ಲಿ ಬಾಯಿಂದ "ಆಹಾ" ಹೊರಟೇಬಿಟ್ಟಿತು. ಮುಂದಿನ ಸಾಲಿನ ಮೂರು ಬಕ್ಕ ತಲೆಗಳು ಏಕಕಾಲಕ್ಕೆ ತಿರುಗಿದವು. "ಅಪ್ಪಾ, ಸುಮ್ನಿರು" ಅಂದಳು. ಒಂದು ಭಾಗ ಮುಗಿಯಿತು, ಚಪ್ಪಾಳೆಯೂ ಇಲ್ಲ! ಬದಲಿಗೆ ಸಭೆಗೆ ಸಭೆಯೇ ಕೆಮ್ಮಿತು. ಅಷ್ಟು ಹೊತ್ತು ಗಂಟಲಲ್ಲಿ ಕಟ್ಟಿಹಾಕಿದ್ದ ಕೆಮ್ಮನ್ನೆಲ್ಲ ಒಟ್ಟಿಗೆ ಬಿಟ್ಟು, ಇಪ್ಪತ್ತು ಸೆಕೆಂಡಿನಲ್ಲಿ ಮುಗಿಸಿ, ಮತ್ತೆ ಗಪ್‌ಚಿಪ್. ನಮ್ಮಲ್ಲಿ ತನಿ ಆವರ್ತನ ಬಂದಾಗ ಕಾಫಿಗೆ ಎದ್ದು ಹೋಗುವವರಿಗೆ ಈ ಶಿಸ್ತು ಕಲಿಸಲು ಎಷ್ಟು ಜನ್ಮ ಬೇಕೋ.

ಆ ದಿನದ ಪಟ್ಟಿಯಲ್ಲಿ ರಿಚರ್ಡ್ ಸ್ಟ್ರೌಸ್‌ನ ಕೊನೆಯ ನಾಲ್ಕು ಹಾಡುಗಳಿದ್ದವು. ಬಿಡುವಿನಲ್ಲಿ ಪಕ್ಕದವರು, ನನ್ನ 'ಆಹಾ'ವನ್ನು ಕ್ಷಮಿಸಿದ ದನಿಯಲ್ಲಿ, ನಿಮಗೆ ಈ ಸಂಗೀತದ ಪರಿಚಯವಿದೆಯೇ ಅಂತ ಇಂಗ್ಲಿಷಿನಲ್ಲಿ ವಿಚಾರಿಸಿದರು. ಇದಕ್ಕೇ ಕಾದಿದ್ದೆ. ಪರಿಚಯವೇನು ಸ್ವಾಮಿ, ಇದೇ ಹಾಡುಗಳು 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲಿನಲ್ಲಿ ಮೊದಲ ಸಲ ಪ್ರದರ್ಶನವಾದಾಗ ಹಣಕ್ಕೆ ಜಾಮೀನು ನಿಂತವರು ನಮ್ಮ ಮೈಸೂರಿನ ಜಯಚಾಮರಾಜ ಒಡೆಯರು, 4,800 ಡಾಲರು. ಅವರಿಗೆ ಹೋಗಲಾಗಲಿಲ್ಲ, ಅದಕ್ಕೆ ಧ್ವನಿಮುದ್ರಣವೇ ಮೈಸೂರಿಗೆ ಬಂತು ಅಂದೆ. ಅವರು ನಕ್ಕು, ಫೋನು ತೆಗೆದು, ಕನ್ನಡಕ ಹಣೆಗೇರಿಸಿ ಓದಿದರು. ಫೋನನ್ನು ಸ್ವಲ್ಪ ದೂರ ಹಿಡಿದು ಇನ್ನೊಮ್ಮೆ ಓದಿದರು. ಆಮೇಲೆ ಹೋಗಿ ಹೆಂಡತಿಯನ್ನು ಕರೆದುಕೊಂಡು ಬಂದರು, ನನ್ನನ್ನು ತೋರಿಸಲು. ಜಾಮೀನು ನಿಂತವನು ನಾನೇ ಅನ್ನುವಷ್ಟು ಗಂಭೀರವಾಗಿ ಕೈ ಕುಲುಕಿದೆ. ಬ್ಯಾಂಕಿನಲ್ಲಿದ್ದಾಗ ಜಾಮೀನಿನ ಹೆಸರಿಗೇ ಬೆವರುತ್ತಿದ್ದವನಿಗೆ ಇದೊಂದೇ ಸಿಹಿಯಾದ ಜಾಮೀನು.

ಬಾಖ್ 1723ರಿಂದ 1750ರಲ್ಲಿ ಸಾಯುವವರೆಗೂ, ಇಪ್ಪತ್ತೇಳು ವರ್ಷ, ಮಕ್ಕಳಿಗೆ ಹಾಡು ಹೇಳಿಕೊಟ್ಟ ಸೇಂಟ್ ಥಾಮಸ್ ಚರ್ಚು ಅಲ್ಲೇ ಇದೆ. ಒಳಗೆ ನೆಲದಲ್ಲಿ ಒಂದು ಕಂಚಿನ ಹಲಗೆ, ಮೇಲೆ ಹೆಸರು, ಯಾರೋ ಇಟ್ಟ ಹೂವು. ಹುಡುಗರು ಹಾಡಿದರು. ಒಂದು ದನಿ ಎತ್ತಿದ್ದನ್ನು ಇನ್ನೊಂದು ಹಿಡಿದು, ಅದು ಬಿಡುವ ಮೊದಲೇ ಮೂರನೆಯದು ಓಡಿ ಬಂದು. ನಮ್ಮ ಸವಾಲ್ ಜವಾಬಿನಲ್ಲಿ ಒಬ್ಬ ಮುಗಿಸುವವರೆಗೆ ಇನ್ನೊಬ್ಬ ಕಾಯುತ್ತಾನೆ, ಇಲ್ಲಿ ಕಾಯುವುದೇ ಇಲ್ಲ. ಅಲ್ಲಿ ನಾನು ತಾಳ ಹಾಕಲಿಲ್ಲ. ಜೋಡಿನೊಳಗೆ ಕಾಲಬೆರಳಿನಲ್ಲಿ ಹಾಕಿದೆ, ಯಾರಿಗೂ ಗೊತ್ತಾಗಲಿಲ್ಲ.

ಡಿಸೆಂಬರಿನ ಹೊತ್ತಿಗೆ ನನಗೆ ಮನೆಯ ನೆನಪು ಹಿಡಿದಿತ್ತು. ನಾಲ್ಕು ಗಂಟೆಗೇ ಕತ್ತಲೆ. ಒಂದು ಸಂಜೆ ಬೀದಿ ತಿರುವಿನಲ್ಲಿ ಗಾಜಿನ ಬಾಗಿಲ ಮೇಲೆ ಇಂಗ್ಲಿಷಿನಲ್ಲಿ 'ಮೈಸೂರ್' ಅಂತ ಕಂಡಿತು. ಮಂಕಿ ಕ್ಯಾಪಿನೊಳಗೆ ನನ್ನ ಕಣ್ಣು ತುಂಬಿ ಬಂತು. ಮೈಸೂರು ಪಾಕು ನೋಡಿದ್ದೆ, ಮೈಸೂರು ಮಲ್ಲಿಗೆ, ಮೈಸೂರು ಬೋಂಡ ನೋಡಿದ್ದೆ. ಇಲ್ಲಿದ್ದದ್ದು 'ಮೈಸೂರ್ ಸ್ಟೈಲ್'. ನೆಂಟರ ಮನೆಗೆ ನುಗ್ಗುವ ಹಾಗೆ ನುಗ್ಗಿದೆ. ಕೋಣೆ ತುಂಬ ಜನ, ಒಬ್ಬೊಬ್ಬರು ಒಂದೊಂದು ಭಂಗಿ. ಮೈಸೂರಿನವನು, ಗೋಕುಲಂನವನು, ಶಾಲೆಯಿಂದ ಮೂರು ನಿಮಿಷದ ದಾರಿ ಅಂದೆ. ಕಲಿಸುವಾಕೆಯ ಮುಖ ದೀಪಾರಾಧನೆಯ ದೀಪವಾಯಿತು. ಜನ ಎದ್ದು ಸುತ್ತ ನಿಂತರು. ಆಹಾ, ಕೊನೆಗೂ ಇಲ್ಲಿ ಎಲ್ಲರೂ ನಮಸ್ತೆ ಅಂದರು! ಒಬ್ಬನ ಷರಾಯಿಯ ಮೇಲೆ ಆನೆಯೂ ಇತ್ತು. ನಿಮ್ಮ ಅಭ್ಯಾಸ ಎಷ್ಟು ವರ್ಷದ್ದು, ದಯವಿಟ್ಟು ಒಂದು ಸೂರ್ಯನಮಸ್ಕಾರ ಅಂತ ಚಾಪೆ ಹಾಸಿಯೇಬಿಟ್ಟರು.

ಬೆಲ್ಜಿಯಂನವರು 1964ರಲ್ಲಿ ಕಲಿತದ್ದನ್ನು, ನಮ್ಮ ಮಹಡಿಯ ಮೇಲೆ ಇಪ್ಪತ್ತು ವರ್ಷ ನಡೆದದ್ದನ್ನು, ನನ್ನ ಸೊಂಟ ಒಪ್ಪಿಕೊಂಡಿಲ್ಲ. ಕೈ ಮೊಣಕಾಲಿನಿಂದ ಕೆಳಗೆ ಹೋಗುವುದಿಲ್ಲ. ಬಹಳ ಹೊತ್ತು ಕೈ ಮುಗಿದು ನಿಂತೆ. ಅದು ಪ್ರಾರ್ಥನೆಯೆಂದು ತಿಳಿದು ಅವರೂ ಕಣ್ಣು ಮುಚ್ಚಿದರು. ಆ ಸಂದಿನಲ್ಲಿ ನಾನು ಕೇಳಿದೆ, ಮೈಸೂರ್ ಸ್ಟೈಲ್ ಅಂದರೆ ಏನಮ್ಮಾ? ಆಕೆ ಹೇಳಿದಳು: ಎಲ್ಲರೂ ಒಂದೇ ಕೋಣೆಯಲ್ಲಿರುತ್ತಾರೆ, ಆದರೆ ಅವರವರದನ್ನು ಅವರವರು, ಅವರವರ ಗತಿಯಲ್ಲಿ ಮಾಡಿಕೊಳ್ಳುತ್ತಾರೆ, ಯಾರೂ ಯಾರನ್ನೂ ಅವಸರ ಮಾಡುವಂತಿಲ್ಲ. ಅಯ್ಯೋ, ಅಷ್ಟೇನಾ? ಹಾಗಾದರೆ ನಾನು ಹುಟ್ಟಿದಾಗಿನಿಂದ ಅಭ್ಯಾಸ ಮಾಡುತ್ತಲೇ ಇದ್ದೇನೆ ಅಂದೆ. ಆಕೆ ಅದನ್ನು ಏನೋ ವೇದಾಂತವೆಂದುಕೊಂಡು ಬರೆದುಕೊಂಡಳು.

ಜನವರಿಗೆ ವಾಪಸು ಬಂದೆವು. ಗೋಕುಲಂನಲ್ಲಿ ಆಗ ಸುಗ್ಗಿ. ಗೇಟುಗೇಟಿಗೂ ಬಾಡಿಗೆ ಆಕ್ಟಿವಾ, ಎಳನೀರಿನವನ ಮುಂದೆ ಬುರುಡೆಯ ರಾಶಿ. ನಾನು ಮೊದಲ ಭಾನುವಾರ ಬೆಳಿಗ್ಗೆ ಹಳೆ ಸೀಸೆಗಳನ್ನೆಲ್ಲ ತೆಗೆದುಕೊಂಡು ಹೋಗಿ, ಗುಜರಿಯವನ ತಕ್ಕಡಿಗೆ ಬೇಕೆಂದೇ ಸದ್ದು ಮಾಡಿ ಸುರಿದೆ. ಒಂದು ಕಿಟಕಿಯೂ ತೆರೆಯಲಿಲ್ಲ.

ಮಹಡಿಗೆ ಹೊಸಬಳು ಬಂದಿದ್ದಾಳೆ, ಆಸ್ಟ್ರಿಯಾದವಳು. ಮೊನ್ನೆ ಸಂಜೆ ನಾವಿಬ್ಬರೂ ಜಗುಲಿಯಲ್ಲಿ ಕೂತಿದ್ದಾಗ ಗೇಟು ತೆರೆದುಕೊಂಡು ಬಂದಳು. ಮೈಮೇಲೆ ಬಿಳಿ ಬನಿಯನ್ನು, ಕೆಳಗೆ ನವಿಲುಬಣ್ಣದ ಲಂಗ, ಜೋತಾಡುವ ಲಾಡಿ. ನಾನು ಇವಳ ಮುಖ ನೋಡಿದೆ. ಇವಳು ನನ್ನ ಪಂಚೆ ನೋಡಿದಳು. ಎದ್ದು ಹೋಗಿ ಹುಡುಗಿಯನ್ನು ನಿಲ್ಲಿಸಿ, ಲಂಗದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಉಜ್ಜಿ, ಹೊಲಿಗೆ ತಿರುಗಿಸಿ ನೋಡಿದಳು.

"ಎಷ್ಟು ಕೊಟ್ಟೆ? ಹೌ ಮಚ್?"

"ಏಳು ನೂರು."

"ಒಂದು ಲಂಗಕ್ಕೆ ಏಳ್ನೂರಾ!" ಇವಳ ದನಿ ಎರಡನೇ ಹಂತದವರೆಗೂ ಕೇಳಿಸಿರಬೇಕು. "ನಡೀ, ಅಂಗಡಿ ತೋರ್ಸು. ರೀ, ನನ್ನ ಚೀಲ ಕೊಡಿ."

ಹುಡುಗಿ ಲಂಗವನ್ನು ಮೊಣಕಾಲಿಗೆ ಎತ್ತಿ ಕಟ್ಟಿ ಆಕ್ಟಿವಾ ಶುರು ಮಾಡಿದಳು. ಹಿಂದೆ ಇವಳು ಒಂದೇ ಕಡೆ ಕಾಲು ಹಾಕಿ ಕೂತು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಆಸ್ಟ್ರಿಯಾದ ಭುಜ ಹಿಡಿದುಕೊಂಡು ಪೇಟೆಯ ಕಡೆ ಹೊರಟಳು. ನಾನು ಗೇಟು ಹಾಕಿಕೊಂಡೆ.